ವಜಾ ಆಯಿತು ಎಂದರೆ ಒಪ್ಪಿದರು ಎಂದಲ್ಲ

ಮಾನ್ಯ ಸಂಪಾದಕರೇ,

ಸುಪ್ರೀಂ ಕೋರ್ಟ್‌ನಲ್ಲಿ ಅರ್ಜಿ ವಜಾ ಆಯಿತು ಎಂಬ ಸುದ್ದಿ ಓದಿದ ಕೂಡಲೇ ನಾವು ಏನಂದುಕೊಳ್ಳುತ್ತೇವೆ? ಹೈಕೋರ್ಟ್ ಹೇಳಿದ್ದೇ ಸರಿ ಅಂತ ದೊಡ್ಡ ಕೋರ್ಟೂ ಹೇಳಿಬಿಟ್ಟಿತು ಎಂದು, ಅಲ್ವಾ? ಎಷ್ಟೋ ಸಲ ಅದು ತಪ್ಪು.

ಸಂವಿಧಾನದ 136ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮೇಲ್ಮನವಿಗೆ ವಿಶೇಷ ಅನುಮತಿ ಕೊಡಬಹುದು. ಕೊಡಲೇಬೇಕು ಎಂದಿಲ್ಲ. ಹಾಗಾಗಿ ಎಸ್‌ಎಲ್‌ಪಿ, ಅಂದರೆ ಈ ವಿಶೇಷ ಅನುಮತಿ ಕೇಳುವ ಅರ್ಜಿ, ಹಾಕಿದವರು ಮೊದಲು ಬಾಗಿಲ ಬಳಿ ನಿಲ್ಲಬೇಕು. ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದೇ ದಿನ ಇಂಥ ಹತ್ತಾರು ಅರ್ಜಿ ನೋಡುತ್ತದೆ. ವಕೀಲರಿಗೆ ಸಿಗುವುದು ಕೆಲವೇ ನಿಮಿಷ. ಅನುಮತಿ ಸಿಗದಿದ್ದರೆ ಆದೇಶ ಒಂದೆರಡು ಸಾಲು. ಬಹಳ ಸಲ ಅದರಲ್ಲಿ ಕಾರಣವೇ ಇರುವುದಿಲ್ಲ.

ಕಾರಣ ಕೊಡದೆ ಎಸ್‌ಎಲ್‌ಪಿ ವಜಾ ಮಾಡಿದರೆ ಕೆಳಗಿನ ತೀರ್ಪನ್ನು ಒಪ್ಪಿದಂತೆ ಅಲ್ಲ, ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ ಅಷ್ಟೇ. ಕೇರಳದ ಒಂದು ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಬಿಡಿಸಿ ಹೇಳಿದೆ. ಹಾಗೆ ವಜಾ ಆದ ಮೇಲೂ ಹೈಕೋರ್ಟ್‌ನಲ್ಲಿ ಮರುಪರಿಶೀಲನೆ ಕೇಳುವ ದಾರಿ ಮುಚ್ಚುವುದಿಲ್ಲ. ವರ್ಷಗಟ್ಟಲೆ ಅಲೆದವರಿಗೆ ಇದು ಸಣ್ಣ ವಿಷಯವಲ್ಲ.

ಯಾವ ಕೇಸು ತೆಗೆದುಕೊಳ್ಳಬೇಕು, ಯಾವುದು ಬೇಡ ಎಂಬುದಕ್ಕೆ ನಿಯಮ ಮಾಡಬೇಕೇ ಎಂಬ ಪ್ರಶ್ನೆ 2010ರಲ್ಲಿ ಸಂವಿಧಾನ ಪೀಠಕ್ಕೆ ಹೋಯಿತು. 2016ರಲ್ಲಿ ಐವರ ಆ ಪೀಠ ನಿಯಮ ಮಾಡಲು ಒಪ್ಪಲಿಲ್ಲ. ಅದು ಸರಿಯೇ ಎಂದು ನನಗೂ ಅನಿಸುತ್ತದೆ. ನಿಜವಾದ ಅನ್ಯಾಯ ಯಾವ ರೂಪದಲ್ಲಿ ಬರುತ್ತದೋ ಮೊದಲೇ ಯಾರಿಗೆ ಗೊತ್ತು? ಆದರೆ ನಿಯಮ ಇಲ್ಲದ ಕಡೆ ಕಾರಣವಾದರೂ ಇರಬೇಕು. ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಿದರೆ ಕೇಸು ವಿಚಾರಣೆಗೆ ಬರುತ್ತದೆ. ಅಲ್ಲೂ ಬೇಡ ಎಂದಾಗ ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ, ನಿಜ. ಆದರೆ ಅಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ನಮ್ಮಲ್ಲಿ ಹಾಗಲ್ಲ. 1950ರಲ್ಲಿ 8 ಇದ್ದ ನ್ಯಾಯಮೂರ್ತಿ ಸ್ಥಾನಗಳು 2019ರಲ್ಲಿ 34 ಆದವು. ಅವರು ಇಬ್ಬಿಬ್ಬರು, ಮೂವರಾಗಿ ಬೇರೆ ಬೇರೆ ಪೀಠಗಳಲ್ಲಿ ಕೂರುತ್ತಾರೆ. ಒಂದು ಪೀಠ ಬೇಡ ಎಂದದ್ದನ್ನು ಇನ್ನೊಂದು ಪೀಠ ಕೇಳುತ್ತಿತ್ತೇನೋ ಎಂಬ ಸಂಶಯ ಸೋತವರ ಮನಸ್ಸಿನಲ್ಲಿ ಉಳಿಯುತ್ತದೆ. ಮೂರು ಸಾಲು ಕಾರಣ ಬರೆದರೆ ಆ ಸಂಶಯ ಎಷ್ಟೋ ಕಡಿಮೆಯಾಗುತ್ತದೆ. ಕೆಲಸದ ಹೊರೆ ಜಾಸ್ತಿ ಇದೆ, ಒಪ್ಪುತ್ತೇನೆ. ಆದರೂ ಮೂರು ಸಾಲು ಕೇಳುವುದು ಅತಿಯಾಸೆ ಅಲ್ಲ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಎಸ್‌ಎಲ್‌ಪಿ ವಜಾ ಆದ ಸುದ್ದಿ ಬರೆಯುವಾಗ ಕೋರ್ಟ್ ಕಾರಣ ಕೊಟ್ಟಿತೋ ಇಲ್ಲವೋ ಎಂದು ದಯವಿಟ್ಟು ಒಂದು ಸಾಲು ಸೇರಿಸಿ. ಕಾರಣ ಕೊಡದಿದ್ದಾಗ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ ಕೋರ್ಟ್’ ಎಂದು ತಲೆಬರಹ ಕೊಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ