ಸಹಕರಿಸಿ ಅನ್ನೋರು ಒಂದ್ಸಲ ನಮ್ಮ ಫ್ರಿಜ್ ತೆಗೆದು ನೋಡ್ಲಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಟಿಸಿ, ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟ ಸುದ್ದಿ ನಿಮ್ಮ ಪೇಪರ್‌ನಲ್ಲಿ ಓದಿದೆ. ಕೆಲ ಗಂಟೆ ವಿದ್ಯುತ್ ವ್ಯತ್ಯಯ, ಸಾರ್ವಜನಿಕರು ಸಹಕರಿಸಬೇಕು ಅಂತ ಅಧಿಕಾರಿಗಳು ಹೇಳಿದ್ದನ್ನ ಹಂಗೇ ಹಾಕಿದೀರಿ. ರಾತ್ರಿ ಹೋದ ಕರೆಂಟು ಮಾರನೇ ದಿನ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಂತು ಸ್ವಾಮಿ, ಅದೂ ದಾವಣಗೆರೆಯ ಮೇ ತಿಂಗಳ ಬಿಸಿಲಲ್ಲಿ. ಫ್ಯಾನಿಲ್ದೆ ಮಕ್ಕಳು ಮಲಗ್ಲಿಲ್ಲ, ಸಂಪಿಂದ ನೀರು ಮೇಲೆ ಏರ್ಲಿಲ್ಲ, ಅದೆಲ್ಲಾ ಎಲ್ಲರ ಮನೇಲೂ ಆಗಿದೆ. ನಮ್ಮ ಫ್ರಿಜ್‌ನಲ್ಲಿ ನನ್ನ ಹೆಂಡತಿಯ ಎಟನರ್ಸೆಪ್ಟ್ ಇಂಜೆಕ್ಷನ್ ಇತ್ತು, ಆ ತಿಂಗಳಿಗಾಗೋಷ್ಟು ಪೂರ್ತಿ.

ಅವಳಿಗೆ ರುಮಟಾಯ್ಡ್ ಸಂಧಿವಾತ. ಮೊದಲೆಲ್ಲಾ ಬೆಳಗ್ಗೆ ಎದ್ರೆ ಬೆರಳು ಮಡಚೋಕಾಗ್ತಿರ್ಲಿಲ್ಲ, ನಲ್ಲಿ ತಿರುಗಿಸೋಕಾಗ್ತಿರ್ಲಿಲ್ಲ, ಜಡೆ ನಾನೇ ಹಾಕ್ತಿದ್ದೆ. ಟಿಎನ್‌ಎಫ್ ಅನ್ನೋ ಪ್ರೋಟೀನು ಮೈಯಲ್ಲಿ ಹೆಚ್ಚಾಗಿ, ಜೀವಕೋಶಗಳ ಮೇಲೆ ಅದನ್ನ ಹಿಡ್ಕೊಳ್ಳೋಕೆ ಇರೋ ಕೊಂಡಿಗೆ, ಅಂದ್ರೆ ರಿಸೆಪ್ಟರ್‌ಗೆ, ಹೋಗಿ ಅಂಟ್ಕೊಂಡು ಉರಿಯೂತ ಎಬ್ಬಿಸುತ್ತೆ, ಕೀಲು ಊದೋದು ಹಂಗೆ. ಈ ಔಷಧಿ ಅಂದ್ರೆ ಮನುಷ್ಯನ ಅದೇ ರಿಸೆಪ್ಟರನ್ನ ಲ್ಯಾಬಲ್ಲಿ ತಯಾರು ಮಾಡಿರೋದು, ಅದಕ್ಕೆ ಆಂಟಿಬಾಡಿಯ (ಸೋಂಕಿನ ವಿರುದ್ಧ ಮೈ ತಯಾರಿಸೋ ಪ್ರೋಟೀನು) ಒಂದು ತುಂಡು ಸೇರಿಸಿರ್ತಾರೆ, ಚೀನಾ ಹ್ಯಾಮ್‌ಸ್ಟರ್ ಅನ್ನೋ ಪ್ರಾಣಿಯ ಜೀವಕೋಶದಲ್ಲಿ ಬೆಳೆಸ್ತಾರೆ. ರಕ್ತದಲ್ಲಿ ಓಡಾಡ್ತಾ ಟಿಎನ್‌ಎಫನ್ನ ಮೊದಲೇ ಹಿಡ್ಕೊಂಡುಬಿಡುತ್ತೆ. ಅಮೆರಿಕದಲ್ಲಿ 1998ರಲ್ಲೇ ಬಂದಿದ್ದು ಇದು, ನಮಗೆ ಸಿಕ್ಕಿದ್ದು ಇಲ್ಲಿ ಬಯೋಸಿಮಿಲರ್, ಅಂದ್ರೆ ಬೇರೆ ಕಂಪನಿಯವರು ಮಾಡೋ ಅದೇ ಥರದ ಔಷಧಿ, ಬಂದ ಮೇಲೆ, ಆಗಲೂ ಒಂದು ಸಿರಿಂಜಿಗೆ ಸಾವಿರಾರು ರೂಪಾಯಿ. ಮೊದಲು ಟಿಬಿ ಟೆಸ್ಟು, ಎಕ್ಸ್‌ರೇ, ಅದಾದ ಮೇಲೆ ವಾರಕ್ಕೊಂದು 50 ಎಂಜಿ. ಈಗ ಅವಳು ತಾನೇ ಜಡೆ ಹಾಕ್ಕೊಳ್ತಾಳೆ, ಚಪಾತಿ ಲಟ್ಟಿಸ್ತಾಳೆ.

ಇದನ್ನ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಬೆಂಗಳೂರಿಂದ ಥರ್ಮಾಕೋಲ್ ಡಬ್ಬೀಲಿ ಐಸ್ ಪ್ಯಾಕ್ ಇಟ್ಟು ಕಳಿಸ್ತಾರೆ, ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕಾಯ್ತೀನಿ. ಹಾಲಾದ್ರೆ ಒಡೆದಿದ್ದು ಕಣ್ಣಿಗೆ ಕಾಣುತ್ತೆ, ಇದು ಕೆಟ್ಟರೂ ಎಷ್ಟೋ ಸಲ ತಿಳಿಯಾಗೇ ಇರುತ್ತೆ. ಪಕ್ಕದ ಮನೆಯವರು ಪಾಪ, ನಮ್ಮನೇಲಿ ಇನ್ವರ್ಟರ್ ಇದೆ, ಫ್ರೀಜರಲ್ಲಿ ಇಡಿ ಅಂದ್ರು, ಹೆಪ್ಪುಗಟ್ಟಿದ್ರೂ ಹಾಳೇ. ಡಾಕ್ಟರಿಗೆ ಫೋನ್ ಮಾಡಿದ್ರೆ 25 ಡಿಗ್ರಿ ಒಳಗಿದ್ರೆ ಸ್ವಲ್ಪ ದಿನ ಪರವಾಗಿಲ್ಲ, ಅದಕ್ಕಿಂತ ಬಿಸಿ ಆಗಿದ್ರೆ ಬೇಡ, ತೆಗೆದುಹಾಕಿ ಅಂದ್ರು. ಮೇ ತಿಂಗಳಲ್ಲಿ ನಮ್ಮ ಅಡಿಗೆಮನೆಗೆ 25 ಡಿಗ್ರಿ ಎಲ್ಲಿಂದ ತರಲಿ? ಎಲ್ಲಾ ಎಸೆದ್ವಿ. ಈ ವಾರದ ಡೋಸ್ ತಪ್ಪಿದೆ, ಮಣಿಕಟ್ಟು ಆಗಲೇ ಊದ್ಕೊಂಡಿದೆ.

ರಾತ್ರಿಯೆಲ್ಲಾ ಕಂಪ್ಲೇಂಟ್ ನಂಬರಿಗೆ ಮಾಡಿದ್ರೆ ಬಿಜಿ, ಎತ್ತಿದ್ರೆ ಲೈನ್‌ಮನ್ ಹೊರಟಿದಾರೆ ಅಂತಾರೆ. ಎಲ್ಲಿಂದ ಹೊರಟ್ರು, ಕಾಶಿಯಿಂದಾನಾ? ಕರೆಂಟು ಎಷ್ಟೊತ್ತಿಗೆ ಬರುತ್ತೆ ಅಂತ ನಿಜ ಹೇಳಿದ್ದಿದ್ರೆ ರಾತ್ರಿಯೇ ಮೆಡಿಕಲ್ ಶಾಪಿನವರ ಕೈಕಾಲು ಹಿಡಿದು ಅವರ ಫ್ರಿಜ್‌ನಲ್ಲಿ ಇಡ್ತಿದ್ದೆ. ಈಗ ಬಂತು ಈಗ ಬಂತು ಅಂತ ಬೆಳಗು ಮಾಡಿದ್ರು. ಆ ಟಿಸಿ ಮೇಲೆ ಲೋಡ್ ಜಾಸ್ತಿ ಆಗಿದೆ ಅಂತ ಹೋದ ಬೇಸಿಗೆಯಲ್ಲೇ ಬಡಾವಣೆಯವರೆಲ್ಲಾ ಸಹಿ ಹಾಕಿ ಕೊಟ್ಟಿದ್ವಿ, ಆ ಅರ್ಜಿ ಯಾವ ಟೇಬಲ್ ಮೇಲೆ ಮಲಗಿದೆಯೋ. ಪೈಪ್‌ಲೈನ್ ಅಂತ ಅಗೆದ ರಸ್ತೆನೂ ಇನ್ನೂ ಮುಚ್ಚಿಲ್ಲ, ಕೈಕಾಲು ನೋವಿರೋರು ಅಲ್ಲಿ ನಡೆಯೋದು ಹೆಂಗೆ ಅಂತ ಯಾವ ಇಂಜಿನಿಯರಾದ್ರೂ ಯೋಚನೆ ಮಾಡಿದಾರಾ?

ಇನ್ಶೂರೆನ್ಸ್‌ನವರದು ಇನ್ನೊಂದು. 24 ಗಂಟೆ ಅಡ್ಮಿಟ್ ಆಗಿಲ್ಲ ಅಂತ ಈ ಇಂಜೆಕ್ಷನ್ ಖರ್ಚಿನ ಕ್ಲೇಮ್ ವಾಪಸ್. ವಿಮಾ ಪ್ರಾಧಿಕಾರ 2019ರಲ್ಲೇ ಮೊನೊಕ್ಲೋನಲ್ ಆಂಟಿಬಾಡಿ (ಲ್ಯಾಬಲ್ಲಿ ತಯಾರಿಸಿದ ಒಂದೇ ಥರದ ಆಂಟಿಬಾಡಿ) ಇಂಜೆಕ್ಷನ್‌ನ ವಿಮೆ ಕೊಡಬೇಕಾದ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದೆಯಲ್ಲ ಅಂತ ತೋರಿಸಿದ್ರೆ, ಇದು ಆಂಟಿಬಾಡಿ ಅಲ್ಲ, ರಿಸೆಪ್ಟರ್ ಅಂತಾರೆ! ಈ ಕಾಯಿಲೆಗೆ ಕೊಡೋ ಎಷ್ಟೋ ಆಂಟಿಬಾಡಿಗಳು ಹಿಡಿಯೋದೂ ಅದೇ ಟಿಎನ್‌ಎಫನ್ನ, ಕಾಯಿಲೆ ಒಂದೇ, ನೋವು ಒಂದೇ. ಪ್ರೀಮಿಯಂ ತಗೊಳ್ಳುವಾಗ ಈ ಭೇದ ಯಾಕೆ ನೆನಪಾಗಲಿಲ್ಲ?

ಸಂಬಂಧಪಟ್ಟವರು ಕೂಡಲೇ ಹೊಸ ಟಿಸಿ ಹಾಕಿಸಬೇಕು, ಇಂಥ ಔಷಧಿ ಇಟ್ಕೊಂಡಿರೋ ಮನೆಗಳಿಗೆ ಏನಾದ್ರೂ ವ್ಯವಸ್ಥೆ ಮಾಡಬೇಕು, ಇನ್ಶೂರೆನ್ಸ್‌ನವರಿಗೂ ಯಾರಾದ್ರೂ ಬುದ್ಧಿ ಹೇಳಬೇಕು. ಏನೂ ಆಗಲ್ಲ ಅಂದ್ರೆ ಫೋನಾದ್ರೂ ಎತ್ತಿ ನಿಜ ಹೇಳ್ರಪ್ಪಾ, ಸಂಬಳ ತಗೊಳ್ತೀರಲ್ಲ!

ಒಬ್ಬ ನೊಂದ ಗ್ರಾಹಕ
ದಾವಣಗೆರೆ