ಅಣ್ಣನ ಟೊಂಕ ನೋವಿಗೆ, ಆಕ್ಲೆಂಡ್‌ನಿಂದ ಒಂದು ಪತ್ರ

ಪ್ರೀತಿಯ ಅಣ್ಣನಿಗೆ,

ನಾವಿಲ್ಲಿ ಆರಾಮಾಗಿದ್ದೇವೆ. ಮೊನ್ನೆ ವಿಡಿಯೋ ಕಾಲ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಬರೀತಿದ್ದೇನೆ. ಮಂಚದಿಂದ ಏಳುವಾಗ ನೀನು ಉಸಿರು ಬಿಗಿಹಿಡಿದಿದ್ದೆ. ಒಂದು ಕೈ ಗೋಡೆ ಮೇಲೆ, ಇನ್ನೊಂದು ಟೊಂಕದ ಬೆಲ್ಟ್ ಮೇಲೆ. ನೆಲಕ್ಕೆ ಬಿದ್ದ ಟವೆಲ್ ಎತ್ತಿಕೊಡೋಕೆ ಅತ್ತಿಗೆಯನ್ನು ಕರೆದೆ. ರಾತ್ರಿಯೆಲ್ಲ ಒಬ್ಬನೇ ಗದ್ದೆಗೆ ನೀರು ಹಾಯಿಸುತ್ತಿದ್ದವನು ನೀನು.

ಸ್ಕ್ಯಾನ್ ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದೆ ಅಂತ ಬಂದಾಗಿನಿಂದ, ಬಗ್ಗಿದರೆ ಬೆನ್ನು ಮುರಿದೇ ಹೋಗುತ್ತೆ ಅನ್ನೋ ಭಯ ನಿನ್ನೊಳಗೆ ಹೊಕ್ಕಿದೆ, ಅಲ್ವಾ? ಆ ಕವರನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸ್ತೀಯ. ಟೊಂಕ ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ 2015ರಲ್ಲಿ ಲೆಕ್ಕ ಹಾಕಿದ್ದಾರೆ ಅಣ್ಣ. 50 ವರ್ಷದವರಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಇದೇ ಬಲ್ಜ್ ಇತ್ತು.

ಹಾಗಂತ ನಿನ್ನ ನೋವು ಸುಳ್ಳು ಅಂತಿಲ್ಲ. ಖಂಡಿತ ಇಲ್ಲ. ನಾನೂ ಅನುಭವಿಸಿದ್ದೇನೆ, ನಿಮಗೆ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿಯನ್ನು ಎತ್ತಿ ಕೂರಿಸುವಾಗ ಟೊಂಕ ಹಿಡಿದುಕೊಂಡಿತು, ಐದು ತಿಂಗಳು ಬಿಡಲಿಲ್ಲ. ಇಲ್ಲಿನ ಫಿಸಿಯೋ ಮೊದಲು ಬೆನ್ನು ಮುಟ್ಟಲೇ ಇಲ್ಲ. ನಿದ್ದೆ ಬರುತ್ತಾ, ಬೆನ್ನೊಳಗೆ ಏನಾಗಿದೆ ಅಂದ್ಕೊಂಡಿದ್ದೀರಿ, ಯಾವ ಕೆಲಸ ಬಿಟ್ಟಿದ್ದೀರಿ ಅಂತ ಕೇಳಿದರು. ಕೆಲಸ ಹೋದರೆ ವೀಸಾ ಏನಾಗುತ್ತೋ ಅಂತ ಹೇಳುವಾಗ ಅಲ್ಲೇ ಅತ್ತುಬಿಟ್ಟೆ. ಭಯ, ಬೇಸರ, ದುಡ್ಡಿನ ಚಿಂತೆ, ಅಲುಗಾಡದೆ ಮಲಗೋದು, ಇವೆಲ್ಲ ನೋವು ಬೇರೂರುವ ಸೂಚನೆಗಳು ಅಂತ ಇದೇ ನ್ಯೂಜಿಲೆಂಡ್‌ನಲ್ಲಿ 1997ರಲ್ಲೇ ಬರೆದಿಟ್ಟಿದ್ದಾರಂತೆ. ಹಳದಿ ಬಾವುಟ ಅಂತ ಹೆಸರು.

ನಿನ್ನನ್ನೇ ನೆನಪಿಸಿಕೋ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ, ಟೊಂಕ ಹಿಡಿದು ಎರಡು ರಾತ್ರಿ ಮಲಗಲಿಲ್ಲ ಅಂದಿದ್ದೆ. ಆ ವಾರ ನೀನು ಒಂದು ಚೀಲನೂ ಎತ್ತಿರಲಿಲ್ಲ. ಕಾಲುವೆಗೆ ನೀರು ಬರುತ್ತೋ ಇಲ್ವೋ, ಸಾಲ ತೀರುತ್ತೋ ಇಲ್ವೋ ಅನ್ನೋ ಚಿಂತೆ ಅಷ್ಟೇ. ಚಿಂತೆ ಇದ್ದಾಗ, ನಿದ್ದೆ ಕೆಟ್ಟಾಗ, ನರ ಮತ್ತು ಮೆದುಳು ಸಣ್ಣ ನೋವನ್ನೂ ದೊಡ್ಡದು ಮಾಡಿ ಕೂಗುತ್ತವೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ ಅಂತಾರಲ್ಲ, ಹಾಗೆ. ಹೆದರಿ ಮಲಗಿದರೆ ಮೈ ಬಿಗಿಯುತ್ತೆ, ಶಕ್ತಿ ಕುಗ್ಗುತ್ತೆ, ಆಮೇಲೆ ಎದ್ದರೆ ಇನ್ನೂ ಜಾಸ್ತಿ ನೋವು, ಮತ್ತೆ ಹೆದರಿಕೆ.

ಅತ್ತಿಗೆ, ಇದು ನಿಮಗೆ. ಬಗ್ಗಬೇಡಿ, ಎತ್ತಬೇಡಿ ಅಂತ ನೀವೂ ಅವ್ವನೂ ಪ್ರೀತಿಯಿಂದಲೇ ಹೇಳ್ತೀರಿ, ಗೊತ್ತು. ಆದರೆ ದಿನಕ್ಕೆ ಹತ್ತು ಸಲ ಅದನ್ನೇ ಕೇಳಿದರೆ ತಾನು ಗಾಜಿನ ಮನುಷ್ಯ ಅಂತಲೇ ಅವನಿಗೆ ಅನಿಸಿಬಿಡುತ್ತೆ. ಟವೆಲ್ ಅವನೇ ಎತ್ತಲಿ. ಅರ್ಧ ಕೊಡ ನೀರು ಅವನೇ ತರಲಿ.

ಅಣ್ಣ, ಬೆಲ್ಟ್ ಬಿಚ್ಚಿಡು. ಮೂರು ತಿಂಗಳು ಮೀರಿದ ಇಂಥ ಟೊಂಕ ನೋವಿಗೆ ಬೆಲ್ಟೂ ಬೇಡ, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ನೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ನಾಳೆ ಸಂಜೆ ಕಾಲುವೆ ಸೇತುವೆ ತನಕ ನಡೆದು ಬಾ. ನೋವು ಕಡಿಮೆ ಇದ್ದ ದಿನವೂ ಅಷ್ಟೇ, ಜಾಸ್ತಿ ಇದ್ದ ದಿನವೂ ಅಷ್ಟೇ. ಒಂದು ವಾರ ಆದ ಮೇಲೆ ಸ್ವಲ್ಪ ಮುಂದೆ ಹೋಗು. ಬರುವಾಗ ಚಹಾದಂಗಡಿ ಕಟ್ಟೆ ಮೇಲೆ ಕೂತು ಬಾ, ಅಲ್ಲಿಗೆ ಹೋಗೋದು ಬಿಟ್ಟು ಎಷ್ಟು ತಿಂಗಳಾಯಿತು? ಸಾಲದ ವಿಷಯವೂ ನನ್ನ ಹತ್ತಿರ ಬಾಯಿಬಿಟ್ಟು ಹೇಳು, ಒಬ್ಬನೇ ಹೊತ್ತುಕೊಳ್ಳಬೇಡ. ಆದರೆ ಕಾಲಿನ ಬಲ ಹೋದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯೋಕೆ ಆಗದಿದ್ದರೆ ಒಂದು ಗಳಿಗೆನೂ ಕಾಯಬೇಡ, ಗಂಗಾವತಿಗೆ ಹೋಗಿ ಡಾಕ್ಟರಿಗೆ ತೋರಿಸು.

ಭಾನುವಾರ ಫೋನ್ ಮಾಡ್ತೇನೆ. ಸೇತುವೆ ಹತ್ತಿರ ಯಾರು ಸಿಕ್ಕಿದ್ದರು, ಕಾಲುವೆಯಲ್ಲಿ ನೀರು ಎಷ್ಟಿದೆ, ಅದನ್ನು ಮೊದಲು ಹೇಳು.

ನಿನ್ನ ತಂಗಿ