ಮಗಳಿಗೊಂದು ಪತ್ರ: ಮರಳಿನ ಮೇಲೆ ಮಲಗುವ ಮುಂಚೆ

ಬಳ್ಳಾರಿ

ಪುಟ್ಟಿ,

ಡಿಸೆಂಬರ್ ರಜೆಗೆ ಮಕ್ಕಳನ್ನು ಜೈಸಲ್ಮೇರಿಗೆ ಕರೆದುಕೊಂಡು ಹೋಗ್ತೀನಿ, ಮರಳಲ್ಲೇ ಟೆಂಟ್ ಹಾಕಿ ಮಲಗ್ತೀವಿ ಅಂತ ನೀನು ಫೋನಲ್ಲಿ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಬೇಡ ಅನ್ನಲ್ಲ. ಖಂಡಿತ ಹೋಗಿ. ಆದರೆ ನಾನು ಮಾಡಿದ ತಪ್ಪು ನೀನು ಮಾಡಬೇಡ.

ನಾವು ಅಲ್ಲಿಗೆ ಹೋದಾಗ ನಿನಗೆ ಒಂಬತ್ತು ವರ್ಷ. ಬಳ್ಳಾರಿ ಬಿಸಿಲಲ್ಲಿ ಬೆಳೆದ ಮಗು, ಮರುಭೂಮಿ ಇವಳಿಗೇನು ಕಷ್ಟ ಅಂದುಕೊಂಡು ಬರೀ ಟೋಪಿ, ಹತ್ತಿ ಬಟ್ಟೆ, ಗ್ಲೂಕೋಸ್ ಪುಡಿ ತುಂಬಿದ್ದೆ. ಹೊದೆಯಲು ಒಂದೇ ಶಾಲು. ರಾತ್ರಿ ಎರಡು ಗಂಟೆಗೆ ನಿನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಒಂಟೆಯ ಅಜ್ಜ ಎದ್ದು ಬಂದ. ತಣ್ಣಗಿದ್ದ ಮೇಲಿನ ಮರಳು ಸರಿಸಿ, ಅರ್ಧ ಗೇಣು ತೋಡಿ, ನಿನ್ನ ಎರಡೂ ಪಾದ ಒಳಗಿಟ್ಟು ಮುಚ್ಚಿದ. ಕೈ ಹಾಕಿ ನೋಡಿದೆ, ಒಳಗೆ ಹಗಲಿನ ಕಾವು ಇನ್ನೂ ಉಳಿದಿತ್ತು. ನೀನು ಹಾಗೇ ನಿದ್ದೆ ಹೋದೆ. ನನಗೆ ಬೆಳಗಿನವರೆಗೂ ಕಣ್ಣು ಹತ್ತಲಿಲ್ಲ.

ನಮ್ಮೂರಲ್ಲಿ ಗುಡ್ಡದ ಬಂಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ಅಲ್ಲಿ ಹಾಗಲ್ಲ. ಗಾಳಿಯಲ್ಲಿ ತೇವ ಇಲ್ಲ, ಮೇಲೆ ಮೋಡ ಇಲ್ಲ. ಒಣ ಮರಳಿನ ಕಾವು ಹೆಚ್ಚು ಆಳಕ್ಕೆ ಇಳಿಯಲ್ಲ, ಮೇಲಿನದು ಹೊತ್ತು ಮುಳುಗಿದ ಮೇಲೆ ಬೇಗ ಹೋಗಿಬಿಡುತ್ತದೆ. ಡಿಸೆಂಬರಿನಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದು ಅಲ್ಲಿ ಸಾಮಾನ್ಯ. ಕಿವಿ ಮುಚ್ಚುವ ಟೋಪಿ, ಉಣ್ಣೆ ಕಾಲುಚೀಲ ಮರೆಯಬೇಡ. ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ, ಚಳಿ ನೆಲದಿಂದಲೇ ಏರುತ್ತದೆ. ನಮ್ಮ ಎರಡು ಕರಿ ಕಂಬಳಿ ಕಳಿಸುತ್ತೇನೆ.

ಚಳಿಯಲ್ಲಿ ಮಕ್ಕಳಿಗೆ ಬಾಯಾರಿದ್ದೇ ಗೊತ್ತಾಗಲ್ಲ. ಕೇಳುವ ತನಕ ಕಾಯದೆ ನೀರು ಕುಡಿಸು. ಬೆಳಿಗ್ಗೆ ಬೂಟು ಕೊಡವಿ ಹಾಕಿಸು, ಚೇಳಿರುತ್ತವೆ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಮುಂದಕ್ಕೆ ಮುಗ್ಗರಿಸಿದ ಹಾಗಾಗುತ್ತದೆ. ಚಿಕ್ಕವನನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲು.

ಸಮ್ ದಿಣ್ಣೆಗಳ ಕಡೆ ಜೀಪು, ಹಾಡು, ದೀಪ ಜಾಸ್ತಿ. ಖುರಿ ಕಡೆ ಹೋಗು. ಎಳ್ಳ ಅಮಾವಾಸ್ಯೆ ಹತ್ತಿರದ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಈ ಸಲ ಚರಗ ಚೆಲ್ಲಲು ನೀವು ಬರದಿದ್ದರೂ ಪರವಾಗಿಲ್ಲ. ಆ ಕತ್ತಲಲ್ಲಿ ಕಾಣುವಷ್ಟು ನಕ್ಷತ್ರ ಬೆಂಗಳೂರಿನ ಮಕ್ಕಳಿಗೆ ಎಲ್ಲಿ ಸಿಗಬೇಕು?

ಅಲ್ಲಿಯವರು ಖೇಜಡಿ ಅಂತ ಒಂದು ಮರ ತೋರಿಸುತ್ತಾರೆ. ಅದು ನಮ್ಮ ಬನ್ನಿ ಮರವೇ. ದಸರೆಗೆ ಅಜ್ಜನ ಕೈಗೆ ಬಂಗಾರ ಅಂತ ಕೊಡ್ತೀವಲ್ಲ, ಅದೇ ಎಲೆ ಅಂತ ಇಬ್ಬರಿಗೂ ಮುಟ್ಟಿಸಿ ತೋರಿಸು. ದೊಡ್ಡವಳಿಗೆ ಖೇಜಡ್ಲಿ ಅನ್ನೋ ಹಳ್ಳಿಯ ಕಥೆಯನ್ನೂ ಹೇಳು. 1730ರಲ್ಲಿ ಜೋಧಪುರದ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ ಅಮೃತಾ ದೇವಿ ಮರ ತಬ್ಬಿ ನಿಂತಳು. ಅವಳೂ ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ಚಿಕ್ಕವನಿಗೆ ಈಗಲೇ ಬೇಡ, ಹೆದರುತ್ತಾನೆ.

ಊಟದ ಚಿಂತೆ ಬಿಡು. ಅವರ ಬಾಜ್ರಾ ರೊಟ್ಟಿ ಅಂದರೆ ನಮ್ಮ ಸಜ್ಜೆ ರೊಟ್ಟಿ. ಕಂಬಳಿ ಗಂಟಿನೊಳಗೆ ಶೇಂಗಾ ಚಟ್ನಿ ಪುಡಿ ಇಟ್ಟಿದ್ದೇನೆ. ಖಾರ ಕಮ್ಮಿ ಹಾಕಿದ್ದೇನೆ, ಚಿಕ್ಕವನೂ ತಿನ್ನಲಿ.

ನಿನ್ನ ಅವ್ವ